ಕಟ್ಟಿದವರು ಹತ್ತುವುದಿಲ್ಲ

ಯಡೂರು,
12 ನವೆಂಬರ್ 1986

ತಮ್ಮ ಕಾಮಣ್ಣನಿಗೆ ಅಕ್ಕ ತಾರವ್ವನ ಆಶೀರ್ವಾದ.

ಮೊದಲು ಕ್ಷೇಮ ಸಮಾಚಾರ ಬರೆಯಬೇಕು, ಗೊತ್ತಿದೆ. ಬರೆಯುವುದಿಲ್ಲ. ಹೋಳಿಗೆ ಮುಂಚೆ ನಿನ್ನ ಕಾರ್ಡು ಬಂದದ್ದು, ಆಮೇಲೆ ಸುದ್ದಿಯೇ ಇಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ದಿನವೆಲ್ಲ ನಕ್ಷೆ ಬರೆಯುವ ಕೈಗೆ ಅಕ್ಕನಿಗೊಂದು ಸಾಲು ಬರೆಯಲು ಏನು ರೋಗ?

ಅಪ್ಪ ಹಾಗೇ ಇದ್ದಾನೆ. ಲಕ್ವಾ ಹೊಡೆದ ಬಲಗೈ ಏಳುವುದಿಲ್ಲ. ಮಾತು ಅರ್ಧ ಬಾಯೊಳಗೇ ಉಳಿಯುತ್ತದೆ, ಆದರೆ ತಲೆ ನಿನಗಿಂತ ನನಗಿಂತ ಚೊಕ್ಕಟವಾಗಿದೆ. ಹೊಳೆದಂಡೆಯಲ್ಲಿ ನಾವೆ ಕಟ್ಟುವ ಚಪ್ಪರದಲ್ಲಿ ಹಲಗೆಗಳ ಮೇಲೆ ಅವನನ್ನು ಕೂರಿಸುತ್ತೇನೆ, ಸಂಜೆಗೆ ಎಬ್ಬಿಸಿಕೊಂಡು ಬರುತ್ತೇನೆ.

ಈಗ ವಿಷಯ. ಆಚೆ ದಂಡೆಯ ಶಿರಗುಪ್ಪಿಯ ಕಾಕಾಸಾಹೇಬರು ನಾವೆ ಹಾಕಿಸಲು ಬಂದಿದ್ದರು. ಹೊಳೆ ದಾಟಿಸುವ ಗುತ್ತಿಗೆ ಅವರದೇ ಅಲ್ಲವೇ? ದೊಡ್ಡ ನಾವೆಯ ತಳ ಕೊಳೆತು ಹೋಗಿದೆ. ಎತ್ತು, ಗಾಡಿ, ಜನ ಎಲ್ಲ ಹಿಡಿಸುವಂಥದ್ದು ಕಾರಹುಣ್ಣಿಮೆಗೆ ನೀರಿಗಿಳಿಯಬೇಕಂತೆ. ಅಪ್ಪ ಎಡಗೈ ಎತ್ತಿ ನನ್ನ ಕಡೆ ತೋರಿಸಿದ. ಕಾಕಾಸಾಹೇಬರು ನಕ್ಕರು.

"ಭೀಮಸಿ, ಚ್ಯಾಷ್ಟಿ ಮಾಡಬ್ಯಾಡ. ಹೆಣ್ಮಗಳು ಕಟ್ಟಿದ ನಾವ್ಯಾಗ ಯಾರು ಹತ್ತತಾರ? ನೀ ಕುಂತು ಹೇಳು, ಒಬ್ಬ ಬಡಗ್ಯಾ ಮಾಡ್ಲಿ. ಆಕಿ ಸಾಮಾನು ಎತ್ತಿಕೊಡ್ಲಿ ಬೇಕಾರ."

ನಾನು ಹಲ್ಲು ಕಚ್ಚಿ ಹೂಂ ಅಂದೆ. ಈ ಕೆಲಸ ಕೈತಪ್ಪಿದರೆ ಚಪ್ಪರಕ್ಕೆ ಇನ್ನೊಂದು ನಾವೆ ಬರುವುದಿಲ್ಲ. ಅಥಣಿಯ ಗಂಡನ ಮನೆಯಿಂದ ಹೊರಬಿದ್ದವಳಿಗೆ ನಿಲ್ಲಲು ಇರುವುದು ಈ ಚಪ್ಪರದ ನೆಲ ಒಂದೇ.

ಆದ್ದರಿಂದ ಸರಿಯಾಗಿ ಓದು. ನಾವೆ ಕಟ್ಟುತ್ತಿರುವವಳು ನಾನು. ಬಡಗಿ ಯಾರೂ ಇಲ್ಲ. ಅಪ್ಪನ ಹೆಸರಿನಲ್ಲಿ ಓಡುವ ಹೋದ ವರ್ಷದ ಸಣ್ಣ ನಾವೆ ಕಟ್ಟಿದವಳೂ ನಾನೇ. ನಾವೆಯ ಪಕ್ಕೆಲುಬುಗಳಿಗೆ ಬಾಗಿದ ಜಾಲಿ ಬೊಡ್ಡೆ ಹುಡುಕಿ ಮಾಂಜರಿ ತನಕ ಅಲೆದು ಬಂದಿದ್ದೇನೆ. ನಿನ್ನಿಂದ ಬೇಕಾದದ್ದು ಒಂದೇ, ತಾಮ್ರದ ಮೊಳೆ. ಇಲ್ಲಿಯ ಕಬ್ಬಿಣದ್ದು ಎರಡು ಮಳೆಗಾಲಕ್ಕೆ ತುಕ್ಕು ತಿನ್ನುತ್ತದೆ. ಮುಂಬಯಿಯಲ್ಲಿ ಸಿಗುತ್ತದಂತೆ. ಯಾರಾದರೂ ಬರುವವರ ಕೈಯಲ್ಲಿ ಕಳಿಸು.

ಬುದ್ಧಿಮಾತು ಕಳಿಸಬೇಡ.

ಅಕ್ಕ
ತಾರವ್ವ


ಡೊಂಬಿವಲಿ,
4 ಡಿಸೆಂಬರ್ 1986

ಪ್ರೀತಿಯ ಅಕ್ಕನಿಗೆ ಕಾಮಣ್ಣನ ನಮಸ್ಕಾರಗಳು.

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಅಪ್ಪ ಮತ್ತೆ ನಾವೆ ಕಟ್ಟುತ್ತಿದ್ದಾನೆ ಎಂದರೆ ಅವನಿಗೆ ಅದೇ ಔಷಧ. ನೀನು ಅವನ ಕೈಗೆ ಕೈ ಕೊಟ್ಟು ಎಷ್ಟು ದುಡಿಯುತ್ತಿದ್ದೀಯೋ ಊಹಿಸಬಲ್ಲೆ. ಭಾರ ಎತ್ತಬೇಡ. ಒಬ್ಬ ಒಳ್ಳೆಯ ಬಡಗಿಯನ್ನು ಗೊತ್ತುಮಾಡು.

ಅಕ್ಕಾ, ನಮ್ಮ ಹಡಗುಕಟ್ಟೆಯ ಗ್ರಂಥಾಲಯದಲ್ಲಿ ನನಗೊಂದು ಪುಸ್ತಕ ಸಿಕ್ಕಿದೆ. ಇನ್ನೂರು ವರ್ಷದ ಹಿಂದಿನ ಒಬ್ಬ ಫ್ರೆಂಚ್ ಹಡಗುಗಾರನ ಕಥೆ. ಆಗ ಹಡಗು ಓಡುತ್ತಿದ್ದದ್ದು ಹಾಯಿಗೆ ಸಿಕ್ಕ ಗಾಳಿಯ ಮೇಲೆ ಮಾತ್ರ. ಅವನ ಹಿರಿಯರೂ ನಮ್ಮ ಅಪ್ಪನ ಹಾಗೆ ಕಣ್ಣಳತೆ, ಕೈಯಳತೆಯಲ್ಲಿ ಕಟ್ಟುತ್ತಿದ್ದರಂತೆ. ಇವನು ಹಾಗಲ್ಲ. ಮರ ಕಡಿಸುವ ಮೊದಲು ಇಡೀ ಹಡಗನ್ನು ಕಾಗದದ ಮೇಲೆ ಬರೆಯುತ್ತಿದ್ದ. ಭಾರ ಎಲ್ಲಿ ಕೂರುತ್ತದೆ, ನೀರು ಎಲ್ಲಿಂದ ಎತ್ತುತ್ತದೆ, ಎಲ್ಲವನ್ನೂ ಲೆಕ್ಕ ಹಾಕುತ್ತಿದ್ದ. ಇನ್ನೊಂದು ಮಾತು. ಹಡಗು ಮೊದಲ ಸಲ ಬಂದರು ಬಿಡುವಾಗ ತಾನೇ ಮೊದಲು ಹತ್ತುತ್ತಿದ್ದನಂತೆ. ಮುಳುಗಿದರೆ ನಾನೂ ಮುಳುಗುತ್ತೇನೆ ಎನ್ನುತ್ತಿದ್ದನಂತೆ. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು.

ಅವನ ಪದ್ಧತಿಯಲ್ಲಿ ಅಪ್ಪನ ನಾವೆಗೆ ಒಂದು ನಕ್ಷೆ ಬರೆದಿದ್ದೇನೆ. ದನ ಒಂದು ಮಗ್ಗುಲಿಗೆ ಸರಿದರೆ ನಮ್ಮ ನಾವೆಗಳು ವಾಲುತ್ತವಲ್ಲ, ಅಂಬಿಗರು "ದನಾ ನಡಕ್ಕ ಹಿಡೀರೋ" ಎಂದು ಕೂಗುತ್ತಾರಲ್ಲ, ಅದಕ್ಕೆ ಕಾರಣ ಹೊಟ್ಟೆ ಇಕ್ಕಟ್ಟಾಗಿರುವುದು. ನಾನು ಅಗಲ ಮಾಡಿದ್ದೇನೆ. ಅಪ್ಪನಿಗೆ ಬಿಡಿಸಿ ಹೇಳು.

ಒಂದು ವಿಷಯಕ್ಕೆ ಬೇಸರವಾಯಿತು. ನಮ್ಮೂರ ಉತ್ತಮ ಇಲ್ಲಿ ಸಿಕ್ಕಿದ್ದ. ಅಪ್ಪನನ್ನು ಮಿರಜದ ದವಾಖಾನೆಗೆ ಬಸ್ಸಿನಲ್ಲಿ, ಸೇತುವೆ ಸುತ್ತಿ ಕರೆದುಕೊಂಡು ಹೋದೆಯಂತೆ. ಮನೆ ಮುಂದೆ ನಾವೆ ಇರುವಾಗ ರೋಗಿಯನ್ನು ಆ ರಸ್ತೆಯಲ್ಲಿ ಕುಲುಕಾಡಿಸಿದ್ದು ಯಾವ ಹಟಕ್ಕೆ? ಮುಂದಿನ ಸಲ ನಾವೆಯಲ್ಲೇ ಹೋಗಿರಿ.

ನಿನ್ನ ತಮ್ಮ
ಕಾಮಣ್ಣ


ಯಡೂರು,
28 ಡಿಸೆಂಬರ್ 1986

ಕಾಮಣ್ಣ,

ನೀನು ಪತ್ರ ಓದುತ್ತೀಯೋ, ಮೂಸಿ ನೋಡಿ ಎತ್ತಿಡುತ್ತೀಯೋ? ನಾನು ಕಟ್ಟುತ್ತಿದ್ದೇನೆ ಎಂದು ಬರೆದರೆ ಅಪ್ಪ ಕಟ್ಟುತ್ತಿದ್ದಾನೆ ಎಂದು ಓದಿಕೊಂಡೆ. ಮೊಳೆ ಕೇಳಿದರೆ ಕಾಗದ ಕಳಿಸಿದೆ. ಮೊಳೆಯ ಬಗ್ಗೆ ಇಡೀ ಪತ್ರದಲ್ಲಿ ಒಂದಕ್ಷರವಿಲ್ಲ. ಫ್ರೆಂಚಿನವನು ನಾವೆಗೆ ಮೊಳೆ ಹೊಡೆಯುತ್ತಿರಲಿಲ್ಲವೋ ಏನೋ, ಗೆರೆ ಎಳೆದರೆ ತಾನೇ ಕೂಡಿಕೊಳ್ಳುತ್ತಿತ್ತೋ ಏನೋ.

ಇನ್ನು ಬಸ್ಸಿನ ಮಾತು. ಇದನ್ನು ಓದಿದಾಗ ನಿನ್ನ ಕಿವಿ ಹಿಂಡಬೇಕು ಅನ್ನಿಸಿತು. ಎಲ್ಲಿ ಹುಟ್ಟಿದವನೋ ನೀನು? ನಮ್ಮ ಮನೆತನದಲ್ಲಿ ನಾವೆ ಕಟ್ಟಿದವರು ಆ ನಾವೆಗೆ ಹತ್ತುವುದಿಲ್ಲ, ಮರೆತೆಯಾ? ನೀರಿಗಿಳಿಸುವ ದಿನ ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟು ಅದಕ್ಕೆ ಉಡಿ ತುಂಬುತ್ತೇವೆ. ಮಗಳನ್ನು ಕೊಟ್ಟ ಹಾಗೆ ಹೊಳೆತಾಯಿ ಕೃಷ್ಣವ್ವನಿಗೆ ಕೊಡುತ್ತೇವೆ. ಕೊಟ್ಟ ಮಗಳ ಮನೆಯಲ್ಲಿ ಕಾಲು ಚಾಚಿ ಕೂರುವುದಿಲ್ಲ. ನಾವೆ ಮೊದಲ ಸಲ ಜನರನ್ನು ಹೊತ್ತು ಹೊರಟಾಗ ದಂಡೆಯ ಮೇಲೆ ಉಳಿಯುವವನೇ ಕಟ್ಟಿದವನು. ಹಾಕಿಸಿದವರು ಅಲ್ಲೇ ಅವನ ತಲೆಗೆ ರುಮಾಲು ಸುತ್ತುತ್ತಾರೆ. ಅಪ್ಪನ ರುಮಾಲುಗಳು ಇನ್ನೂ ಟ್ರಂಕಿನಲ್ಲಿವೆ.

ಮಿರಜಕ್ಕೆ ಹೋಗುವಾಗ ಅವ್ವ, ನೀನು, ನಾನು ನಾವೆಯಲ್ಲಿ ದಾಟುತ್ತಿದ್ದೆವು. ಅಪ್ಪ ಸೇತುವೆ ಸುತ್ತಿ ಬರುತ್ತಿದ್ದ. ಆಚೆ ದಂಡೆಯ ಬೇವಿನ ಗಿಡದ ಕೆಳಗೆ ಶೇಂಗಾ ತಿನ್ನುತ್ತ ಅವನ ದಾರಿ ಕಾಯುತ್ತಿದ್ದೆವು. "ಅಪ್ಪಾ ನಮ್ಮ ಕೂಡ ಯಾಕ ಬರೂದಿಲ್ಲ ಬೇ?" ಎಂದು ಅತ್ತವನು ನೀನೇ.

ಈಗ ಓಡುತ್ತಿರುವ ಸಣ್ಣ ನಾವೆ ನಾನು ಕಟ್ಟಿದ್ದು. ನಾನು ಹೇಗೆ ಹತ್ತಲಿ? ಅಪ್ಪ ಹತ್ತಬಹುದಿತ್ತು. ಅಪ್ಪ ಹತ್ತಿದರೆ ಅದು ಅಪ್ಪನದಲ್ಲ ಎಂದು ಎರಡೂ ದಂಡೆಗೆ ಗೊತ್ತಾಗುತ್ತಿತ್ತು. ಗೊತ್ತಾದರೆ ಈ ದೊಡ್ಡ ನಾವೆ ನಮಗೆ ಬರುತ್ತಿರಲಿಲ್ಲ. ಅದಕ್ಕೇ ಇಬ್ಬರೂ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದೆವು. ಆ ಬಸ್ಸಿನಲ್ಲಿ ಅಪ್ಪ ಎರಡು ಸಲ ವಾಂತಿ ಮಾಡಿದ. ನಾನು ಹಟಕ್ಕೆ ಮಾಡಿದೆನಂತೆ!

ನಿನ್ನ ನಕ್ಷೆ ಚಪ್ಪರದಲ್ಲಿದೆ. ರಾಳದ ಮಡಕೆ ಅದರ ಮೇಲಿದೆ. ಕೆಳಗೆ ಕತ್ತಿಯಂತೆ ಚೂಪು ಮಾಡಿದ್ದೀಯಲ್ಲ, ಅದು ನಿನ್ನ ಸಮುದ್ರಕ್ಕೆ ಸರಿ. ಬೇಸಿಗೆಯಲ್ಲಿ ಕೃಷ್ಣೆಯ ರಾಡಿಯಲ್ಲಿ ಹುಗಿದುಕೊಂಡರೆ ಕೀಳಲು ಫ್ರಾನ್ಸಿನಿಂದ ಜನ ಬರಬೇಕು.

ಮೊಳೆ ಕಳಿಸು.

ತಾರವ್ವ


ಡೊಂಬಿವಲಿ,
15 ಫೆಬ್ರವರಿ 1987

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರವನ್ನು ಕಟ್ಟಿಕೊಂಡ ಹೆಂಡತಿ ಮಂಗಲಾಗೂ ತೋರಿಸಲು ನಾಚಿಕೆಯಾಯಿತು. ರಾತ್ರಿಯೆಲ್ಲ ಕೂತು ಬರೆದ ನಕ್ಷೆಯ ಮೇಲೆ ರಾಳದ ಮಡಕೆ ಇಟ್ಟೆ ಎಂದು ಹೇಳಲು ನಿನಗೆ ಏನೂ ಅನ್ನಿಸಲಿಲ್ಲವೇ? ನಾನು ಕಲಿತದ್ದು ನಮ್ಮ ಮನೆಗೇ ಬೇಡವಾದರೆ ಇನ್ನಾರಿಗೆ ಬೇಕು?

ಇರಲಿ. ನೀನು ಸಿಟ್ಟಿನವಳು, ಮನಸ್ಸಿನಲ್ಲೇನೂ ಇಲ್ಲ, ನನಗೆ ಗೊತ್ತು. ಅದಕ್ಕೇ ನಾನೇ ಮುಂದಾಗಿ ಒಂದು ವ್ಯವಸ್ಥೆ ಮಾಡಿದ್ದೇನೆ. ನಕ್ಷೆಯ ಇನ್ನೊಂದು ಪ್ರತಿಯನ್ನು ಕಾಕಾಸಾಹೇಬರಿಗೆ ಕಳಿಸಿದೆ. ರೂಪಿಸಿದವನು ನಾನು, ಅಪ್ಪನ ಉಸ್ತುವಾರಿಯಲ್ಲಿ ಕೆಲಸ ನಡೆದಿದೆ ಎಂದು ಬರೆದೆ. ಅವರು ಬಹಳ ಖುಷಿಪಟ್ಟು ಉತ್ತರ ಬರೆದಿದ್ದಾರೆ. ನಿನ್ನ ಹೆಸರು ಎಲ್ಲಿಯೂ ಎತ್ತಿಲ್ಲ. ಅದು ನಿನ್ನ ಒಳ್ಳೆಯದಕ್ಕೇ. ಜನ ಹೆದರದೆ ಹತ್ತಬೇಕಲ್ಲ.

ಕಾರಹುಣ್ಣಿಮೆಗೆ ನಾನು ಬರುತ್ತೇನೆ. ನಮ್ಮ ಹಡಗುಕಟ್ಟೆಯ ಮಾಸಪತ್ರಿಕೆಯವರು ಒಬ್ಬರು ಕ್ಯಾಮೆರಾ ಹಿಡಿದು ಜೊತೆಗೆ ಬರುತ್ತಾರೆ. ಅದಾದ ಮೇಲೆ ಚಪ್ಪರ ತೆಗೆದುಬಿಡೋಣ. ಅಪ್ಪನನ್ನು ಕರೆದುಕೊಂಡು ನೀನು ಇಲ್ಲಿಗೇ ಬಾ. ಮಂಗಲಾಗೆ ಆಗಸ್ಟಿನಲ್ಲಿ ಹೆರಿಗೆ. ಮನೆಗೆ ನಿನ್ನಂಥ ಒಂದು ಕೈ ಬೇಕು. ಮರ ಕೆತ್ತುವ ಬಾಚಿ ಹಿಡಿದು ಹಿಡಿದು ನಿನ್ನ ಅಂಗೈ ಕಲ್ಲಾಗಿದೆ ಎಂದು ಉತ್ತಮ ಹೇಳಿದ. ಕೇಳಿ ಸಂಕಟವಾಯಿತು.

ಕಾಮಣ್ಣ


ಯಡೂರು,
9 ಮಾರ್ಚ್ 1987

ಕಾಮಣ್ಣ,

ಕಾಕಾಸಾಹೇಬರು ನಿನ್ನ ಕಾಗದವನ್ನು ಲಗ್ನಪತ್ರಿಕೆಯ ಹಾಗೆ ಬೀಸಿಕೊಂಡು ಬಂದರು. ನಾನು ತಳದ ಹಲಗೆಯ ಸಂದಿಗೆ ಹತ್ತಿ ತುಂಬುತ್ತಿದ್ದೆ. ಮೈಕೈಯೆಲ್ಲ ರಾಳ.

"ತಾರವ್ವಾ, ಮೊದ್ಲ ಹೇಳಬಾರದೇನ ಇದನ್ನ? ನಿಮ್ಮ ತಮ್ಮಾ ಮುಂಬೈದಾಗ ಕುಂತು ಇಡೀ ನಾವಿ ಮಾಡಾಕತ್ತಾನಂತ! ಈಗ ನನಗ ಧೈರ್ಯ ಬಂತ ನೋಡು."

"ಮುಂಬೈದಾಗ ಕುಂತು ಮಾಡಿದ್ರ ಇದೇನ್ರಿ ಮತ್ತ, ನನ್ನ ಕೈಯಾಗಿಂದು?" ಎಂದೆ.

"ನೀನೂ ಮಾಡಾಕತ್ತೀದಿ ಬಿಡು, ಇಲ್ಲಂದವರ್ಯಾರು," ಎಂದು ಸಣ್ಣ ಹುಡುಗಿಗೆ ಪೆಪ್ಪರಮಿಂಟು ಕೊಟ್ಟ ಹಾಗೆ ನಕ್ಕು ಹೋದರು.

ಅಪ್ಪ ಹಲಗೆಯ ಮೇಲಿಂದ ಎಲ್ಲ ಕೇಳಿಸಿಕೊಂಡ. ಅವತ್ತು ಊಟ ಮಾಡಲಿಲ್ಲ.

ನನ್ನ ಒಳ್ಳೆಯದಕ್ಕೆ ನನ್ನ ಹೆಸರು ಬಿಟ್ಟೆಯಂತೆ. ಅಥಣಿಯವರೂ ನನ್ನ ಒಳ್ಳೆಯದಕ್ಕೇ ನನ್ನನ್ನು ಅಡುಗೆಮನೆಯಲ್ಲಿ ಕೂಡಿಹಾಕುತ್ತಿದ್ದರು. ಒಳ್ಳೆಯದು ಮಾಡುವವರು ನನಗೆ ಬಹಳ ಜನ ಆದರು, ಇನ್ನು ಸಾಕು. ಮಂಗಲಾನ ಬಾಣಂತನಕ್ಕೆ ಬೇಕಾದರೆ ಒಂದು ತಿಂಗಳು ಬಂದು ಮಾಡುತ್ತೇನೆ, ಅವಳು ಕೇಳಿದರೆ. ಚಪ್ಪರ ತೆಗೆಯುವ ಮಾತು ಮತ್ತೆ ಎತ್ತಬೇಡ. ನನ್ನ ಅಂಗೈಯ ಚಿಂತೆ ನಿನಗೆ ಬೇಡ, ಕಲ್ಲಾಗದೆ ಬಾಚಿ ನಿಲ್ಲುವುದಿಲ್ಲ.

ಕಾರಹುಣ್ಣಿಮೆಗೆ ಬಾ. ಕ್ಯಾಮೆರಾ ತರುವವನಿಗೆ ಹೇಳು, ಮೊಳೆಯನ್ನೂ ತರಲಿ.

ತಾರವ್ವ


ಡೊಂಬಿವಲಿ,
21 ಜೂನ್ 1987

ಅಕ್ಕನಿಗೆ,

ಊರಿಂದ ಬಂದು ವಾರವಾದರೂ ಮನಸ್ಸು ತಣ್ಣಗಾಗಿಲ್ಲ. ಈ ಪತ್ರ ಬರೆಯಬಾರದೆಂದುಕೊಂಡಿದ್ದೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಅಪ್ಪನಿಗೆ ಅರುಳುಮರುಳು ಶುರುವಾಗಿದೆ. ಅದನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ? ಜನ್ಮವೆಲ್ಲ ತಾನು ಕಟ್ಟಿದ ನಾವೆಗೆ ಕಾಲಿಡದ ಮನುಷ್ಯ ಅವತ್ತು ನನ್ನನ್ನು ಹತ್ತಿಸಿರಿ ಎಂದು ಚಿಕ್ಕ ಮಕ್ಕಳ ಹಾಗೆ ರಚ್ಚೆ ಹಿಡಿದ. ಅಂಬಿಗರು ಹೊತ್ತುಕೊಂಡು ಹೋಗಿ ನಡುವೆ ಕೂರಿಸಿದರು. ನೀನು ಮಗ್ಗುಲಲ್ಲೇ ನಿಂತವಳು ಬೇಡ ಅನ್ನಲಿಲ್ಲ. ಮನೆತನದ ಪದ್ಧತಿ ಎಂದು ನನಗೆ ಪುಟಗಟ್ಟಲೆ ಬರೆದವಳು ಆಗ ಎಲ್ಲಿ ಹೋಗಿದ್ದೆ?

ನಾನು ಹತ್ತಿದ್ದು ಬೇರೆ ಮಾತು. ನಾನು ಬೇಕೆಂದೇ ಹತ್ತಿದೆ. ಆ ಫ್ರೆಂಚ್ ಹಡಗುಗಾರನ ಹಾಗೆ, ಕಟ್ಟಿದವನು ಮೊದಲು ಹತ್ತಬೇಕು, ತನ್ನ ಕೆಲಸಕ್ಕೆ ತಾನು ಜೀವ ಒತ್ತೆ ಇಡಬೇಕು ಎಂದು ಎರಡೂ ದಂಡೆಯ ಜನಕ್ಕೆ ತೋರಿಸಲು ಹತ್ತಿದೆ. ದಂಡೆಯ ಮೇಲೆ ಕೈಕಟ್ಟಿ ನಿಲ್ಲುವುದು ಯಾವ ಶೂರತನ?

ಅದಕ್ಕೆ ನನಗೆ ಸಿಕ್ಕಿದ್ದೇನು? ನಾನು ನಾವೆಯ ಮೂತಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಜನ ಮುಸಿಮುಸಿ ನಕ್ಕರು. ಯಾಕೆಂದು ನನಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ರುಮಾಲು ನಿನ್ನ ತಲೆಯ ಮೇಲಿತ್ತು. ನೀನು ತಲೆಗೆ ರುಮಾಲು ಸುತ್ತಿಕೊಂಡು ಊರ ಗಂಡಸರ ಮುಂದೆ ನಿಂತದ್ದನ್ನು ನನ್ನ ಜೊತೆಗೆ ಬಂದವರೂ ನೋಡಿದರು.

ನನ್ನನ್ನು ಕರೆಸಿ ಅವಮಾನ ಮಾಡಬೇಕೆಂದೇ ಇದನ್ನೆಲ್ಲ ಹೂಡಿದೆಯಾ?

ಕಾಮಣ್ಣ


ಯಡೂರು,
5 ಜುಲೈ 1987

ಕಾಮಣ್ಣ,

ಅಪ್ಪನಿಗೆ ಅರುಳುಮರುಳು ಅಂತೆ! ಈ ಮಾತು ಬರೆದ ನಿನ್ನ ಕೈ ಮುಂದಿದ್ದಿದ್ದರೆ ಬಡಿಗೆಯಿಂದ ಬಾರಿಸುತ್ತಿದ್ದೆ. ಅವತ್ತು ಆ ದಂಡೆಯ ಮೇಲೆ ತಲೆ ನೆಟ್ಟಗಿದ್ದ ಗಂಡಸು ಅವನೊಬ್ಬನೇ.

ನೀನು ಅಲ್ಲೇ ಇದ್ದೆ, ಆದರೆ ಏನೂ ನೋಡಲಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ಕೇಳು.

ನಾನು ಉಡಿ ತುಂಬಿದೆ. ಜನ ತಳ್ಳಿದರು, ನಾವೆ ನೀರಿಗಿಳಿಯಿತು. ಕಾಕಾಸಾಹೇಬರು ಕೈಯಲ್ಲಿ ರುಮಾಲು ಹಿಡಿದು ಅಪ್ಪನ ಮುಂದೆ ಬಂದರು. "ಭೀಮಸಿ, ತಲಿ ಬಗ್ಗಸಪ್ಪಾ," ಎಂದರು. ಅಪ್ಪ ತಲೆ ಬಗ್ಗಿಸಲಿಲ್ಲ. ಎಡಗೈಯಿಂದ ಅವರ ಕೈ ಹಿಂದಕ್ಕೆ ತಳ್ಳಿದ. ಬಾಯಿ ತಡವರಿಸಿತು, ಆದರೂ ಎಲ್ಲರಿಗೂ ಕೇಳುವ ಹಾಗೆ ಅಂದ.

"ಇದು ನಂದಲ್ರಿ. ನನ್ನ ಹತ್ತಸ್ರಿ."

ಕಾಕಾಸಾಹೇಬರ ಮುಖ ಹುಳ್ಳಗಾಯಿತು. "ಭೀಮಸಿ, ಏನ ಹೇಳಾಕತ್ತೀಯೋ? ನೀ ಹತ್ತಿದ್ರ ಹೆಂಗ?"

"ಹತ್ತಸ್ರಿ ಅಂದೆ. ನಾ ಕಟ್ಟಿಲ್ಲ. ಹತ್ತತೀನಿ."

ನಿನಗೆ ರಚ್ಚೆಯಂತೆ ಕೇಳಿಸಿದ್ದು ಇದು. ಅಂಬಿಗರಿಗೆ ಅರ್ಥವಾಯಿತು, ಅದಕ್ಕೇ ಹೊತ್ತುಕೊಂಡು ಹೋದರು. ಬೇಡ ಅನ್ನಬೇಕಿತ್ತೇ ನಾನು? ಎರಡು ವರ್ಷ ನನ್ನ ಕೆಲಸವನ್ನು ತನ್ನ ಹೆಸರಿನಲ್ಲಿ ಹೊತ್ತು, ಜನ ಹೊಗಳಿದಾಗೆಲ್ಲ ಅವನು ಮುಖ ತಿರುಗಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಅವತ್ತು ಅವನು ಆ ಭಾರ ಇಳಿಸಿದ.

ಆಮೇಲೆ ಕಾಕಾಸಾಹೇಬರು ನಿನ್ನ ಕಡೆ ತಿರುಗಿದರು. ನಕ್ಷೆ ಬರೆದವನಲ್ಲವೇ ನೀನು, ದಂಡೆಯ ಮೇಲೆ ನಿಂತಿದ್ದರೆ ಆ ರುಮಾಲು ನಿನ್ನ ತಲೆಗೇ ಬರುತ್ತಿತ್ತು. ಅವರು ಎರಡು ಹೆಜ್ಜೆ ನಿನ್ನ ಕಡೆ ಇಟ್ಟರು ಕೂಡ. ಇವನು ನಿಂತರೆ ಮುಗಿಯಿತು, ಇನ್ನು ಜನ್ಮದಲ್ಲಿ ನನ್ನ ಮಾತು ಯಾರೂ ನಂಬುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ನೀನು ಬೂಟುಗಾಲಿನಲ್ಲಿ ಟಣ್ಣನೆ ಜಿಗಿದು ನಾವೆ ಹತ್ತಿದೆ! ಕ್ಯಾಮೆರಾದವನಿಗೆ ಕೈ ಬೀಸಿದೆ! ನಾನು ಕಟ್ಟಿಲ್ಲ, ನಾನು ಕಟ್ಟಿಲ್ಲ ಎಂದು ಎರಡೂ ದಂಡೆಗೆ ಸಾರಿದ ಹಾಗಾಯಿತು. ಜನ ನಗದೆ ಅಳಬೇಕಿತ್ತೇನು?

ಎಲ್ಲರೂ ಹತ್ತಿದರು. ಹುಟ್ಟು ಹಾಕುವವರು, ದನ ತಂದವರು, ಉತ್ತಮ, ಅವನ ತಾಯಿ ಚನ್ನವ್ವ, ಎಲ್ಲರೂ. ರುಮಾಲು ಸುತ್ತುವ ಕಾಕಾಸಾಹೇಬರು, ಕ್ಯಾಮೆರಾದವನು ಬಿಟ್ಟರೆ ದಂಡೆಯ ಮೇಲೆ ಉಳಿದವಳು ನಾನೊಬ್ಬಳು. ಕಾಕಾಸಾಹೇಬರು ರುಮಾಲು ಹಿಡಿದು ನನ್ನ ಮುಂದೆ ನಿಂತರು. ಅವರಿಗೆ ನನ್ನನ್ನು ನೋಡಲು ಆಗಲಿಲ್ಲ, ನೆಲ ನೋಡುತ್ತಿದ್ದರು.

"ತಾರವ್ವಾ, ನಾಳೆ ಇಳಕಲ್ ಸೀರಿ ತರತೀನವ್ವಾ."

"ಸೀರಿ ಬ್ಯಾಡ್ರಿ," ಎಂದೆ. "ಕಟ್ಟಿದವರಿಗೆ ರುಮಾಲು ಸುತ್ತೂದು ಪದ್ಧತಿ. ಸುತ್ತ್ರಿ."

ಸುತ್ತಿದರು. ಚನ್ನವ್ವ ನಾವೆಯೊಳಗಿಂದ "ನಡೀಲಿ ನಮ್ಮ ತಾರವ್ವನ ನಾವಿ!" ಎಂದು ಕೂಗಿದಳು. ಅಪ್ಪ ಅಳುತ್ತಿದ್ದ. ನೀನು ಮೂತಿಯಲ್ಲಿ ನಿಂತು ನಿನ್ನ ಕೂದಲು ಸರಿಮಾಡಿಕೊಳ್ಳುತ್ತಿದ್ದೆ.

ದಂಡೆಯ ಮೇಲೆ ನಿಲ್ಲುವುದು ಯಾವ ಶೂರತನ ಎಂದು ಕೇಳಿದೆಯಲ್ಲ. ನಾವೆ ನಡುಹೊಳೆಯಲ್ಲಿದ್ದಾಗ ಎತ್ತುಗಳು ಬೆದರಿ ಒಂದು ಮಗ್ಗುಲಿಗೆ ಸರಿದವು. ನಿನಗೆ ಗೊತ್ತೇ ಆಗಿರಲಿಕ್ಕಿಲ್ಲ. ನನಗೆ ದಂಡೆಯಿಂದ ಕಾಣಿಸಿತು. ಅದರೊಳಗೆ ಅಪ್ಪ ಇದ್ದ, ನೀನಿದ್ದೆ, ಊರ ಮಕ್ಕಳಿದ್ದರು. ಎಲ್ಲಿ ಹತ್ತಿ ಸಡಿಲ ತುಂಬಿದ್ದೇನೋ, ಯಾವ ಮೊಳೆ ಅರ್ಧ ಕೂತಿದೆಯೋ ಎಂದು ಒಂದೊಂದನ್ನೇ ನೆನೆಯತೊಡಗಿದೆ. ಮುಳುಗುವ ನಾವೆಯಲ್ಲಿ ಕಟ್ಟಿದವನೂ ಮುಳುಗಿದರೆ ಅವನ ಪಾಲಿಗೆ ಅಲ್ಲಿಗೆ ತೀರಿತು. ದಂಡೆಯ ಮೇಲೆ ಉಳಿದವಳು ಯಾರಿಗೆ ಮುಖ ತೋರಿಸಬೇಕು? ನಿನ್ನ ಫ್ರೆಂಚಿನವನನ್ನು ಕೇಳು, ನಿಂತು ನೋಡುವ ಧೈರ್ಯ ಅವನಿಗಿತ್ತೇ ಎಂದು.

ನಾವೆ ವಾಲಲಿಲ್ಲ. ಸ್ವಲ್ಪ ಕುಲುಕಿ ನೆಟ್ಟಗಾಯಿತು.

ನೀನು ಇಡೀ ದಿನ ಇದ್ದೆ, ನಾವೆಯ ಮುಂದೆ ನಿಂತೆ, ಅದರ ಮೇಲೆ ನಿಂತೆ. ಒಂದು ಸಲವೂ ಬಗ್ಗಿ ಅದರ ತಳ ನೋಡಲಿಲ್ಲ.

ಮೊಳೆಯನ್ನಂತೂ ತರಲೇ ಇಲ್ಲ.

ತಾರವ್ವ


ಯಡೂರು,
18 ನವೆಂಬರ್ 1987

ಕಾಮಣ್ಣ,

ನಾಲ್ಕು ತಿಂಗಳು ಉತ್ತರವಿಲ್ಲ. ಮಂಗಲಾ ಹೆಣ್ಣು ಹೆತ್ತ ಸುದ್ದಿಯೂ ಉತ್ತಮನಿಂದ ತಿಳಿಯಬೇಕಾಯಿತು. ಅತ್ತೆಯಾದವಳಿಗೆ ಒಂದು ಕಾರ್ಡಿನ ಯೋಗ್ಯತೆ ಇಲ್ಲವೇ?

ನಿನ್ನ ಮಾಸಪತ್ರಿಕೆ ಮಾತ್ರ ತಪ್ಪದೆ ಬಂತು. ಕಾಕಾಸಾಹೇಬರು ತಂದುಕೊಟ್ಟರು. ಮರಾಠಿ ಓದಲು ನನಗೂ ಬರುತ್ತದೆ, ನೆನಪಿರಲಿ. ಒಂದು ಫೋಟೋದಲ್ಲಿ ನಾವೆ ಇನ್ನೂ ದಂಡೆಯ ಮೇಲೆ ಮರದ ದಿಂಡುಗಳ ಮೇಲಿದೆ, ಇನ್ನೊಂದರಲ್ಲಿ ನೀನು ಅದರ ಮೇಲೆ ನಿಂತಿದ್ದೀಯ. ಕೆಳಗೆ "ಕೃಷ್ಣೆಯ ನಾವೆಯ ಶಿಲ್ಪಿ" ಎಂದು ಅಚ್ಚು ಹಾಕಿದ್ದಾರೆ. ನನ್ನ ಹೆಸರಿಲ್ಲ, ಅಪ್ಪನ ಹೆಸರೂ ಇಲ್ಲ.

ಮುಂಬಯಿಯ ಕಾಗದದಲ್ಲಿ ನೀನು ಕಟ್ಟಿದವನು, ಹೊಳೆಯಲ್ಲಿ ನೀನು ಹತ್ತಿ ಹೋದವನು. ಎರಡರಲ್ಲಿ ಒಂದನ್ನು ಹಿಡಿ. ಆ ತನಕ ಪತ್ರ ಬರೆಯಬೇಡ.

ತಾರವ್ವ


ಡೊಂಬಿವಲಿ,
10 ಜನವರಿ 1988

ಅಕ್ಕಾ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ, ಯಾಕೆಂದರೆ ಈಗ ಸಿಟ್ಟಾಗುವ ಸರದಿ ನನ್ನದು.

ಪತ್ರಿಕೆಯವರು ನನ್ನನ್ನು ಕೇಳದೆ ಆ ಸಾಲು ಹಾಕಿದ್ದಾರೆ ಎಂದು ಹೇಳೋಣ ಎಂದುಕೊಂಡಿದ್ದೆ. ಸುಳ್ಳು. ಕೇಳಿದ್ದರು. ನಾನು ಹೂಂ ಅಂದಿದ್ದೆ. ಅದಕ್ಕೆ ನೀನು ಏನು ಬೇಕಾದರೂ ಅನ್ನು. ಅವರಿಗೆ ತಿದ್ದುಪಡಿ ಬರೆದು ಕೊಟ್ಟಿದ್ದೇನೆ. ನಿನ್ನ ಹೆಸರು ಸಂಕ್ರಾಂತಿಯ ಸಂಚಿಕೆಯಲ್ಲಿ ಬರುತ್ತದೆ.

ಆದರೆ ಅಕ್ಕಾ, ತಳ ನೋಡಲಿಲ್ಲ ಎಂದು ಬೈದೆಯಲ್ಲ, ಮೊನ್ನೆ ನೋಡಿದೆ. ದಂಡೆಯ ಮೇಲಿನ ಫೋಟೋವನ್ನು ದೊಡ್ಡದು ಮಾಡಿಸಿ, ನನ್ನ ನಕ್ಷೆಯ ಪ್ರತಿಯ ಮಗ್ಗುಲಲ್ಲಿ ಇಟ್ಟೆ. ಮೂತಿ ಅಪ್ಪನ ನಾವೆಗಳದೇ. ಕೆಳಗಿನ ಚೂಪು ನೀನು ತೆಗೆದಿದ್ದೀಯ. ಆದರೆ ಹೊಟ್ಟೆ? ಅಪ್ಪನ ಯಾವ ನಾವೆಗೂ ಅಂಥ ಹೊಟ್ಟೆ ಇರಲಿಲ್ಲ. ಅದು ನನ್ನ ಗೆರೆ. ರಾಳದ ಮಡಕೆಯ ಕೆಳಗೆ ಇಟ್ಟಿದ್ದೇನೆ ಎಂದು ಬರೆದು, ನನ್ನನ್ನು ಒಂದು ವರ್ಷ ನಾಯಿಯ ಹಾಗೆ ಬೈದು, ಅದನ್ನೇ ನೋಡಿಕೊಂಡು ಕಟ್ಟಿದ್ದೀಯ! ಎತ್ತು ಬೆದರಿದಾಗ ವಾಲಲಿಲ್ಲ ಎಂದು ಬರೆದೆಯಲ್ಲ, ಯಾಕೆ ವಾಲಲಿಲ್ಲ ಎಂದು ಬರೆಯಲು ನಿನ್ನ ಪೆನ್ನಿನಲ್ಲಿ ಮಸಿ ತೀರಿತ್ತೇ?

ನಾನು ನಿನ್ನ ಹೆಸರು ನುಂಗಿದೆ, ಒಪ್ಪಿದೆ. ನೀನು ನನ್ನದನ್ನು ಏನು ಮಾಡಿದೆ?

ಹೌದೋ ಅಲ್ಲವೋ, ಒಂದು ಮಾತು ಬರೆ.

ಕಾಮಣ್ಣ


ಯಡೂರು,
2 ಫೆಬ್ರವರಿ 1988

ಕಾಮಣ್ಣ,

ಹೌದು.

ನಿನ್ನ ನಕ್ಷೆ ಬಂದ ದಿನವೇ ಸಿಟ್ಟಿನಿಂದ ಒಲೆಗೆ ಹಾಕಲು ಹೊರಟಿದ್ದೆ. ಅಪ್ಪ ತಡೆದ. "ಹುಡುಗ ಬರದಾನ, ನೋಡರ ನೋಡು," ಎಂದ. ಹಾಲವಾಣದ ಹಗುರ ಕಟ್ಟಿಗೆಯಲ್ಲಿ ನಿನ್ನ ಗೆರೆಯ ಹಾಗೆ ಒಂದು ಗೇಣಿನ ನಾವೆ ಕೆತ್ತಿ, ಎಮ್ಮೆಯ ಕಲ್ಲುಬಾನಿಯ ನೀರಿನಲ್ಲಿ ಬಿಟ್ಟೆ. ಅಪ್ಪನ ಅಳತೆಯದನ್ನೂ ಮಗ್ಗುಲಲ್ಲಿ ಬಿಟ್ಟೆ. ಎರಡರಲ್ಲೂ ಜೋಳ ತುಂಬಿ ಒಂದು ಮಗ್ಗುಲಿಗೆ ಸರಿಸಿದೆ. ಅಪ್ಪನದು ಮಗುಚಿತು. ನಿನ್ನದು ನಿಂತಿತು. ಎಮ್ಮೆ ಬಂದು ಜೋಳದ ಸಮೇತ ನೀರು ಕುಡಿದು ಹೋಯಿತು, ಅಪ್ಪ ಎಷ್ಟೋ ದಿನದ ಮೇಲೆ ನಕ್ಕ. ರಾಳದ ಮಡಕೆ ಇಟ್ಟದ್ದೂ ಸುಳ್ಳಲ್ಲ. ನೋಡುವುದು ಮುಗಿದ ಮೇಲೆ ಇಟ್ಟೆ.

ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ಬರೆದಿದ್ದರೆ ನೀನು ಇಡೀ ನಾವೆ ನನ್ನದೇ ಅನ್ನುತ್ತಿದ್ದೆ. ಬರೆಯದೆಯೇ ಅಂದೆ, ಇನ್ನು ಬರೆದಿದ್ದರೆ ಕೇಳಬೇಕೇ? ಈಗ ನಿನ್ನ ತಿದ್ದುಪಡಿ ಬಂದಿದೆ. ಕಾಕಾಸಾಹೇಬರು ಚಾವಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದರು. ಜುಗೂಳದ ದಂಡೆಯವರು ಇನ್ನೊಂದು ನಾವೆ ಬೇಕೆಂದು ನೆಟ್ಟಗೆ ನನ್ನ ಹತ್ತಿರವೇ ಬಂದಿದ್ದಾರೆ, ಅಪ್ಪನನ್ನು ಕೇಳಲಿಲ್ಲ. ಅಪ್ಪ ಹಲಗೆಯ ಮೇಲೆ ಕೂತು ಅವರಿಗೆ ಎಲೆಅಡಿಕೆ ಕೊಟ್ಟ.

ಯುಗಾದಿಗೆ ಬಾ. ಅಪ್ಪ ಮೊಮ್ಮಗಳನ್ನು ನೋಡಬೇಕಂತೆ, ದಿನಾ ಕೇಳುತ್ತಾನೆ. ಮಿರಜದಲ್ಲಿ ಇಳಿದು ಶಿರಗುಪ್ಪಿಯ ದಂಡೆಗೆ ಬನ್ನಿರಿ. ಮಂಗಲಾ, ಕೂಸು ನಾವೆಯಲ್ಲಿ ದಾಟಲಿ, ನಾನು ಈಚೆ ದಂಡೆಯಲ್ಲಿ ಕಾಯುತ್ತೇನೆ.

ನೀನು ಹತ್ತಬೇಡ. ಅದರೊಳಗೆ ನಿನ್ನ ಗೆರೆ ಇದೆ. ಅವತ್ತು ತಿಳಿಯದೆ ಹತ್ತಿದೆ, ಹೋಗಲಿ. ಈಗ ತಿಳಿದೂ ಹತ್ತಿದರೆ ಕಾಲು ಮುರಿಯುತ್ತೇನೆ. ಕೂಸು ಅತ್ತರೆ ಅಳಲಿ, ನೀನೂ ಅತ್ತಿದ್ದೆ.

ಈ ಸಲವಾದರೂ ಮೊಳೆ ತಾ. ಭಾರವೆಂದು ನಾವೆಯಲ್ಲಿ ಇಟ್ಟು ಕಳಿಸಬೇಡ. ಹೆಗಲ ಮೇಲೆ ಹೊತ್ತುಕೊಂಡು, ಸೇತುವೆ ಸುತ್ತಿ ಬಾ.

ಅಕ್ಕ
ತಾರವ್ವ